ಪದ್ಮನಾಭ ಇನ್ನೂ ಒಳಗಿದ್ದಾರೆ

ಹೆಗ್ಗನಹಳ್ಳಿಯ ಕಲ್ಮೇಶ್ ವೆಲ್ಡಿಂಗ್ ಕೆಲಸಕ್ಕೆಂದು ಹೊರದೇಶಕ್ಕೆ ಹೋಗಿದ್ದ. ಎರಡು ವರ್ಷ ತುಂಬುವ ಮೊದಲೇ, ಅಲ್ಲಿ ಬಂಧನದಲ್ಲಿದ್ದು, ಒಂದು ಕೈಚೀಲವೂ ಇಲ್ಲದೆ ಮನೆಗೆ ಬಂದ. ಬೀದಿಯಲ್ಲಿ ಕೇಳಿದವರಿಗೆಲ್ಲ ತಂದೆ ಸೋಮಲಿಂಗಪ್ಪನವರು "ರಜೆ ಮೇಲೆ ಬಂದಿದಾನೆ" ಎಂದರು. ಮನೆಯೊಳಗೆ ಮಾತ್ರ ಮಗನ ಜೊತೆ ಮಾತು ನಿಂತಿತ್ತು. ಬಂದ ದಿನ ಸ್ನಾನಕ್ಕೆಂದು ಅವನು ಅಂಗಿ ಬಿಚ್ಚಿದಾಗ ಕೊರಳಲ್ಲಿ ಲಿಂಗ ಇರಲಿಲ್ಲ. ಅದನ್ನು ಕಂಡ ತಂದೆ ಏನನ್ನೂ ಕೇಳಲಿಲ್ಲ. "ಜೈಲಿನ ಸುದ್ದಿ ಹೊಸಿಲು ದಾಟಬಾರದು" ಎಂದಷ್ಟೇ ಹೇಳಿ ಪೂಜೆಗೆ ಕುಳಿತರು.

ತಿಂಗಳಾಯಿತು. ತಾಯಿ ಬಸವರಾಜೇಶ್ವರಿಗೆ ತಡೆಯಲಾಗಲಿಲ್ಲ. ಹಿಟ್ಟಿನ ಗಿರಣಿಯ ಮುಂದೆ ನಿಂತಾಗ ಪಕ್ಕದ ಮನೆಯ ಕಲಾಳಿಗೆ ಹೇಳಿಯೇಬಿಟ್ಟರು.

"ತಟ್ಟೆ ಮುಂದೆ ಕೂತ್ರೆ 'ಪದ್ಮನಾಭಣ್ಣ ಉಂಡರೋ ಇಲ್ವೋ' ಅಂತಾನಮ್ಮ. ಯಾರೋ ಏನೋ, ನಂಗಂತೂ ಗೊತ್ತಿಲ್ಲ."

ಕಲಾ ಸ್ವಸಹಾಯ ಸಂಘದ ಸದಸ್ಯೆ, ಉಚಿತ ಕಾನೂನು ನೆರವಿನ ಸ್ವಯಂಸೇವಕಿ. ಭಾನುವಾರ ಬೆಳಿಗ್ಗೆ ನೋಟ್‌ಬುಕ್ ಹಿಡಿದು ಬಂದಳು.

"ಏನು ಲಾಯರಮ್ಮಾ, ಪುಸ್ತಕ ಸಮೇತ ಸವಾರಿ?" ಎಂದರು ಸೋಮಲಿಂಗಪ್ಪ.

"ಲಾಯರ್ ಅಲ್ಲ ಅಂಕಲ್, ಬರ್ಕೊಳೋಳು ಅಷ್ಟೆ. ಕಲ್ಮೇಶ್, ಪದ್ಮನಾಭ ಅಂದ್ರೆ ಯಾರಪ್ಪ?"

ಕಲ್ಮೇಶ್ ಒಮ್ಮೆ ತಂದೆಯ ಮುಖ ನೋಡಿದ. ಆಮೇಲೆ ಹೇಳಿದ.

"ನನ್ ಜೊತೆ ಒಳಗಿದ್ದೋರು ಅಕ್ಕ. ಅದು ಜೈಲಲ್ಲ, ದೇಶದಿಂದ ಆಚೆ ಕಳಿಸೋವರೆಗೂ ಕೂಡಿ ಹಾಕೋ ಜಾಗ. ಕಂಪನಿಯೋರು ಪಾಸ್‌ಪೋರ್ಟ್ ಇಟ್ಕೊಂಡು ಪರ್ಮಿಟ್ ರಿನ್ಯೂ ಮಾಡಿಸ್ಲಿಲ್ಲ. ಪೊಲೀಸ್ರು ಹಿಡಿದಿದ್ದು ಮಾತ್ರ ನನ್ನ. ಹದಿನೈದು ಜನದ ರೂಮಲ್ಲಿ ನಲವತ್ತು ಜನ. ಪದ್ಮನಾಭಣ್ಣಂಗೆ ಶುಗರ್, ದಿನಾ ಇನ್ಸುಲಿನ್ ಬೇಕು, ಕೊಡ್ತಿದ್ದಿದ್ದು ವಾರಕ್ಕೊಂದೋ ಎರಡೋ ಸಲ. ಕೇಳಿದ್ರೆ ಗಾರ್ಡ್ ಪೈಪಲ್ಲಿ ಹೊಡೆಯೋನು. ನಾನು ಹೊರಡೋ ದಿನ ಎದ್ದು ಕೂರೋಕೂ ಆಗ್ತಿರ್ಲಿಲ್ಲ ಅವರಿಗೆ. 'ನಾನಿಲ್ಲಿದೀನಿ ಅಂತ ಮನೆಗೆ ಹೇಳು' ಅಂದ್ರು. ನಂದಿನಿ ಲೇಔಟ್‌ನೋರು."

"ಹೇಳಿದ್ಯಾ?"

"ಇಲ್ಲ ಅಕ್ಕ."

"ಬೇಡ ಅಂದಿದ್ದು ನಾನೇ," ಎಂದರು ಸೋಮಲಿಂಗಪ್ಪ. "ಅವರ ದೇಶ, ಅವರ ಕಾನೂನು ಕಣಮ್ಮ. ಹೆಗ್ಗನಹಳ್ಳೀಲಿ ನಿಂತು ನಾವು ಕೂಗಿದ್ರೆ ಅಲ್ಲಿ ಯಾರಿಗೆ ಕೇಳ್ಸತ್ತೆ?"

"ಕೇಳಿಸ್ಕೊಳೋರಿದಾರೆ ಅಂಕಲ್. ಪರ್ಮಿಟ್ ಮುಗಿದೋರನ್ನ ವಾಪಸ್ ಕಳಿಸೋ ಅಧಿಕಾರ ಆ ದೇಶಕ್ಕಿದೆ. ಹೊಡೆಯೋಕೆ, ಔಷಧಿ ತಡೆಯೋಕೆ ಯಾವ ದೇಶಕ್ಕೂ ಅಧಿಕಾರ ಇಲ್ಲ. ಹಿಡಿದೋರು 'ನಿಮ್ಮ ರಾಯಭಾರ ಕಚೇರಿಗೆ ತಿಳಿಸ್ಬೇಕಾ' ಅಂತ ಕೇಳ್ಬೇಕು. ದೇಶಗಳು ತಾವೇ ಮಾಡ್ಕೊಂಡಿರೋ ಒಪ್ಪಂದ ಅದು. ಇನ್ನು ವಿಶ್ವಸಂಸ್ಥೇಲಿ ವಲಸೆ ಹೋದೋರ ಹಕ್ಕಿಗೆ ಅಂತ್ಲೇ ಒಬ್ಬ ತಜ್ಞರಿರ್ತಾರೆ. ದೂರು ಸರಿ ಅನ್ಸಿದ್ರೆ ಆ ಸರ್ಕಾರಕ್ಕೇ ಪತ್ರ ಬರೆದು ಉತ್ತರ ಕೇಳ್ತಾರೆ."

"ಆ ಗಾರ್ಡ್‌ನ ಒಳಗೆ ಹಾಕ್ತಾರೇನು?"

"ಅದು ಕೋರ್ಟಲ್ಲ ಅಂಕಲ್, ಸುಳ್ಳು ಹೇಳಲ್ಲ. ಆದ್ರೆ ಪತ್ರ, ಉತ್ತರ ಎರಡೂ ಆಮೇಲೆ ಎಲ್ರೂ ಓದೋ ಹಾಗೆ ಪ್ರಕಟ ಆಗತ್ತೆ. ಅಂಥ ಮನುಷ್ಯ ನಮ್ಮಲ್ಲಿ ಇರ್ಲೇ ಇಲ್ಲ ಅಂತ ಕೈ ತೊಳ್ಕೊಳೋದು ಕಷ್ಟ."

"ಬೀದಿಗೆಲ್ಲ ಇವನ ಹೆಸರು ಗೊತ್ತಾಗತ್ತೆ."

"ಇವನು ಒಪ್ಪದೆ ಹೆಸರು ಆಚೆ ಬಿಡಲ್ಲ. ಕಲ್ಮೇಶ್, ಆ ಜಾಗದ್ದು ಏನಾದ್ರೂ ಚೀಟಿ, ನಂಬರ್ ಇದೆಯಾ?"

"ಕೈಗೆ ಕಟ್ಟಿದ್ದ ಪಟ್ಟಿ ಇತ್ತು ಅಕ್ಕ. ನಂಬರ್, ಜಾಗದ ಹೆಸರು ಎಲ್ಲಾ ಇತ್ತು."

"ಅಯ್ಯೋ ಶಿವನೇ!" ಎಂದರು ಬಸವರಾಜೇಶ್ವರಿ. "ಅಪಶಕುನ ಅಂತ ಬಟ್ಟೆ ಸಮೇತ ಕಸದ ಆಟೋಗೆ ಹಾಕ್ಬಿಟ್ನಲ್ಲಮ್ಮ!"

"ಹೋಗ್ಲಿ ಬಿಡಿ ಆಂಟಿ. ಕಣ್ಣಾರೆ ಕಂಡೋನ ಹೇಳಿಕೇನೂ ಸಾಕ್ಷೀನೇ."

ಕಲಾ ಬರೆಯತೊಡಗಿದಳು. ಯಾವ ಊರು, ಯಾವ ತಿಂಗಳು, ಎಷ್ಟು ದಿನ, ಯಾರು ಹೊಡೆದರು. ನಂತರ ಕೇಳಿದಳು: "ಒಳಗೆ ಬಿಡೋವಾಗ ಏನೇನು ಕಿತ್ಕೊಂಡ್ರು?"

"ಫೋನು, ಬೆಲ್ಟು, ಚಪ್ಪಲಿ..." ಕಲ್ಮೇಶನ ಕೈ ಎದೆಗೆ ಹೋಯಿತು. "ಲಿಂಗ."

ಸೋಮಲಿಂಗಪ್ಪನವರು ತಲೆ ಎತ್ತಿದರು.

"ಲಿಂಗ ಇಡೋ ಕರಡಿಗೆ ಸಮೇತ ಕಿತ್ಕೊಂಡ್ರು ಅಪ್ಪಾಜಿ. ಕೊಡಿ ಅಂತ ಎರಡು ದಿನ ಊಟ ಬಿಟ್ಟೆ. ಗಾರ್ಡ್ ನಕ್ಕು ಕಸದ ಡಬ್ಬದೊಳಗೆ ಎಸೆದ. ಆಮೇಲೆ ಖಾಲಿ ಅಂಗೈ ನೋಡ್ಕೊಂಡೇ ಪೂಜೆ ಮಾಡ್ತಿದ್ದೆ, ನೀವು ಬಾಯಿಪಾಠ ಮಾಡಿಸಿದ ವಚನ ಹೇಳ್ಕೊಂಡು. ನೋಡಿದೋರು ಆಡ್ಕೊಬಾರ್ದು ಅಂತ ಪದ್ಮನಾಭಣ್ಣ ನನ್ನ ಮುಂದೆ ಅಡ್ಡ ಕೂರೋರು. ಅವರಿಗೆ ವಚನ ಬರಲ್ಲ. ಮುಗಿಯೋವರೆಗೂ ಮಾತ್ರ ಅಲ್ಲಾಡ್ತಿರ್ಲಿಲ್ಲ."

"ನೀನೇ ಬಿಟ್ಟು ಬಂದೆ ಅಂದ್ಕೊಂಡಿದ್ದೆ ಕಣಪ್ಪಾ," ಎಂದರು ತಂದೆ. "ದಿನಾ ವಚನ ಹೇಳೋ ಈ ನನ್ನ ಬಾಯಿ, ಒಂದು ಮಾತು ನಿನ್ನ ಕೇಳ್ಬೇಕಿತ್ತು." ಎದ್ದು ಚಪ್ಪಲಿ ಮೆಟ್ಟಿದರು. "ಹೆಸರು ಹಾಕೋದು ಬಿಡೋದು ನಿನ್ನಿಷ್ಟ. ಮೊದ್ಲು ಆ ಪುಣ್ಯಾತ್ಮರ ಮನೆ ಹುಡುಕೋಣ, ನಡಿ."

"ನನ್ನ ಹೆಸರು ಹಾಕಿ ಅಕ್ಕ," ಎಂದ ಕಲ್ಮೇಶ್.

ನಂದಿನಿ ಲೇಔಟ್‌ನಲ್ಲಿ ಪದ್ಮನಾಭರು ಇನ್ಸುಲಿನ್ ಕೊಳ್ಳುತ್ತಿದ್ದ ಮೆಡಿಕಲ್ ಸ್ಟೋರ್‌ನವರು ಮನೆ ತೋರಿಸಿದರು. ಗಂಡನ ದನಿ ಕೇಳಿ ಎರಡು ತಿಂಗಳಾಗಿದ್ದ ಹೆಂಡತಿ ಆ ಸಂಜೆಯೇ ವಿದೇಶಾಂಗ ಸಚಿವಾಲಯದ 'ಮದದ್' ಪೋರ್ಟಲ್‌ನಲ್ಲಿ ದೂರು ದಾಖಲಿಸಿದರು. ಕಲಾ ಕಲ್ಮೇಶನ ಹೇಳಿಕೆಯನ್ನು ಇಂಗ್ಲಿಷಿಗೆ ಮಾಡಿಸಿ ವಿಶ್ವಸಂಸ್ಥೆಗೆ ಕಳಿಸಿದಳು. ಮೂರನೆಯ ವಾರ ನಮ್ಮ ರಾಯಭಾರ ಕಚೇರಿಯವರು ಪದ್ಮನಾಭರನ್ನು ಕಂಡು ಬಂದರು. ಈಗ ದಿನವೂ ಇನ್ಸುಲಿನ್ ಸಿಗುತ್ತಿದೆ. ಅವರಿನ್ನೂ ಮನೆಗೆ ಬಂದಿಲ್ಲ. ಆ ಸರ್ಕಾರ ಉತ್ತರ ಕೊಡುವುದೂ ಬಾಕಿ ಇದೆ. ಕಲ್ಮೇಶ್ ಮತ್ತು ಅವನ ತಂದೆ ವಾರಕ್ಕೊಮ್ಮೆ ಆ ಮನೆಗೆ ಹೋಗಿ ಬರುತ್ತಾರೆ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯವರೂ ದುಡಿಯಲು ಹೊರದೇಶಕ್ಕೆ ಹೋಗಿರಬಹುದು. ಅವರ ಪಾಸ್‌ಪೋರ್ಟ್ ನಕಲು ಮನೆಯಲ್ಲಿರಲಿ. ಬಂಧನದಿಂದ ಬಂದವರ ಚೀಟಿ, ಪಟ್ಟಿ, ಆಸ್ಪತ್ರೆಯ ಕಾಗದ ಯಾವುದನ್ನೂ ಎಸೆಯಬೇಡಿ. ನೆನಪು ಮಾಸುವ ಮೊದಲು ಕಂಡದ್ದನ್ನೆಲ್ಲ ಬರೆಸಿ. ದೂರು ಕೊಡಲು ಶುಲ್ಕವಿಲ್ಲ, ಹತ್ತಿರದ ಕಾನೂನು ಸೇವಾ ಕೇಂದ್ರದಲ್ಲಿ ಸಹಾಯ ಕೇಳಿ. ಬಂಧನದಲ್ಲಿರುವುದು ನಾಚಿಕೆಯ ಮಾತಲ್ಲ. ಬಂಧನದಲ್ಲಿಟ್ಟು ಹಿಂಸಿಸುವುದು ನಾಚಿಕೆಯ ಮಾತು. ಹೊರಗೆ ಬಂದವರು ಸುಮ್ಮನಾದರೆ ಒಳಗೆ ಉಳಿದವರ ಲೆಕ್ಕ ಕೇಳಲು ಯಾರೂ ಇರುವುದಿಲ್ಲ.