ಒಂದು ಹಿಡಿ ಹಳೇ ಹೊಟ್ಟು

ಎದುರಾದವರನ್ನು ಲೋಕವೆಲ್ಲ 'ಚೆನ್ನಾಗಿದ್ದೀರಾ?' ಎಂದು ಕೇಳಿದರೆ ನನ್ನ ಸೋದರಮಾವ ಕೇಳುವುದು 'ಹೊಟ್ಟೆ ಹೇಗಿದೆ?' ಎಂದು. ಬೀಗರಾಗಲಿ, ಬ್ಯಾಂಕಿನ ಮ್ಯಾನೇಜರಾಗಲಿ, ಯಾರಿಗೂ ವಿನಾಯಿತಿಯಿಲ್ಲ. ಕರುಳಿನ ಉರಿಯೂತವನ್ನು ಕುರಿತು ಮೂವತ್ತು ವರ್ಷ ಸಂಶೋಧನೆ ಮಾಡಿದವರು. ಇಲಿಗಳು ಬೆದರಬಾರದೆಂದು ಪ್ರಯೋಗಶಾಲೆಯಲ್ಲಿ ತುದಿಗಾಲಲ್ಲಿ ನಡೆದೂ ನಡೆದೂ ಆ ನಡಿಗೆ ಮನೆಗೂ ಬಂದುಬಿಟ್ಟಿತ್ತು. ಸದ್ದಿಲ್ಲದೆ ಬೆನ್ನ ಹಿಂದೆ ಪ್ರತ್ಯಕ್ಷರಾದಾಗಲೆಲ್ಲ ಅತ್ತೆ ಬೆಚ್ಚಿಬಿದ್ದು, "ಇಲಿ ಸಾಕಿ ಸಾಕಿ ನೀವೇ ಬೆಕ್ಕಾಗಿದ್ದೀರಿ!" ಎಂದು ಗದರುತ್ತಿದ್ದರು. ಬಿಳಿ ಕೋಟಿನ ಎಡಜೇಬಿನಲ್ಲಿ ಸದಾ ಇಲಿಗಳಿಗೆಂದು ಮಾಡಿದ ತೌಡಿನ ಉಂಡೆಗಳು. ಮಾತಿನ ನಡುವೆ ತಾವೂ ಒಂದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಆ ಉರಿಯೂತ ನಮ್ಮ ವಂಶದ ಆಸ್ತಿ. ಅಜ್ಜಿಗಿತ್ತು, ಅಮ್ಮನಿಗಿತ್ತು, ಇಪ್ಪತ್ತೆರಡಕ್ಕೆ ನನಗೂ ಬಂತು. ಮಾವನನ್ನು ಮಾತ್ರ ಅದೇಕೋ ಮುಟ್ಟಲಿಲ್ಲ. ಆ 'ಅದೇಕೋ' ಎಂಬುದೇ ಅವರ ಜೀವಮಾನದ ಪ್ರಶ್ನೆ. ಮದುವೆಯಾದ ಮೇಲೂ ನಾನು, ಮಗು ಬೇಡ, ಈ ಉರಿಯನ್ನು ಇನ್ನೊಂದು ಜೀವಕ್ಕೆ ದಾಟಿಸಲಾರೆ ಎಂದು ಹಟ ಹಿಡಿದು ಕೂತಿದ್ದೆ. ಮಾವ ವಾದಿಸಲಿಲ್ಲ. "ತಾಳು, ಇಲಿಗಳನ್ನ ಕೇಳಿ ಹೇಳ್ತೀನಿ" ಎಂದರು.

ಅವರ ಇಲಿಗಳೆಲ್ಲ ಕರುಳು ಉರಿಯುವ ವಂಶವಾಹಿಯನ್ನು ಹೊತ್ತೇ ಹುಟ್ಟಿದವು. ಅರ್ಧಕ್ಕೆ ತೌಡಿನ ಉಂಡೆ, ಅರ್ಧಕ್ಕೆ ನಾರಿಲ್ಲದ ನುಣ್ಣನೆಯ ಆಹಾರ. ತೌಡು ತಿಂದವು ಗುಂಡುಗುಂಡಾದವು, ಉಳಿದವು ಸೊರಗಿದವು. ಎಲ್ಲವೂ ಆಹಾರದ ಮಹಿಮೆಯೆಂದು ದೊಡ್ಡ ಸಭೆಯೊಂದರಲ್ಲಿ ಪ್ರತಿಪಾದಿಸುವುದೂ ನಿಶ್ಚಯವಾಯಿತು. ಇನ್ನು ಮೂರು ವಾರವಿದೆ ಎನ್ನುವಾಗ, ನುಣ್ಣನೆಯದನ್ನೇ ತಿನ್ನುತ್ತಿದ್ದ ಮೂರು ಪಂಜರಗಳ ಇಲಿಗಳು ಚೇತರಿಸಿಕೊಂಡು ಕುಣಿಯತೊಡಗಿದವು!

"ಆ ಮೂರು ಪಂಜರ ಬಿಟ್ಟುಬಿಡೋಣ ಸರ್" ಎಂದರು ಶಿಷ್ಯರು.

"ಅದು ಹ್ಯಾಗ್ರೀ ಬಿಡೋದು!" ಎಂದು ರೇಗಿದ ಮಾವ ನೀರು, ಗಾಳಿ, ಬೆಳಕು ಎಲ್ಲವನ್ನೂ ಜಾಲಾಡಿ, ಕೊನೆಗೆ ಪಂಜರ ಶುಚಿಮಾಡುವಾಕೆಯ ಮುಂದೆ ನಿಂತರು. ಇಲಿಯಮ್ಮ ಎಂದೇ ಆಕೆಯನ್ನು ಎಲ್ಲರೂ ಕರೆಯುತ್ತಿದ್ದರು. ಆಕೆ ತಲೆತಗ್ಗಿಸಿ, "ಆ ಮೂರು ಪಂಜರದವು ತೀರಾ ಪುಕ್ಕಲು ಸಾರ್. ಹೊಸ ಮರದ ಹೊಟ್ಟು ಹಾಸಿದ್ರೆ ಪಾಪ, ಮೂಲೆ ಸೇರಿ ನಡುಗ್ತಾವೆ. ಅದಕ್ಕೇ ವಾರವಾರ ಪಕ್ಕದ ತೌಡಿನ ಪಂಜರದಿಂದ ಹಳೇ ಹೊಟ್ಟು ಒಂದೊಂದು ಹಿಡಿ ಹಾಕ್ತಿದ್ದೆ. ತಪ್ಪಾಯ್ತಾ?" ಎಂದಳು.

ತಪ್ಪೇ. ಆ ಹೊಟ್ಟಿನಲ್ಲಿ ಹಿಕ್ಕೆಯಿತ್ತು. ಹಿಕ್ಕೆಯೊಳಗೆ ತೌಡಿನಿಂದ ಬೆಳೆದ ಸಾಧುಸ್ವಭಾವದ ಬ್ಯಾಕ್ಟೀರಿಯಾಗಳಿದ್ದವು. ಇಲಿಗಳೋ, ಸಿಕ್ಕಿದ್ದನ್ನೆಲ್ಲ ಮೆಲ್ಲುವ ಜಾತಿ. ಹಾಗೆ ಕರುಳು ಸೇರಿದ ಆ ಬ್ಯಾಕ್ಟೀರಿಯಾಗಳೇ ಉರಿಯನ್ನು ತಣಿಸಿದ್ದವು. ಇಷ್ಟು ದಿನದ ವಾದ ಮಣ್ಣುಪಾಲಾಯಿತೆಂದು ಶಿಷ್ಯರು ಮುಖ ಬಾಡಿಸಿಕೊಂಡರೆ ಮಾವ ಗಹಗಹಿಸಿ, "ಬೆಟ್ಟ ಅಗೆದು ಇಲಿ ಹಿಡಿಯೋದು ಅಂದ್ರೆ ಇದೇ ನೋಡ್ರಪ್ಪ!" ಎಂದರಂತೆ. ಸಭೆಯಲ್ಲಿ ಮೊದಲು ತಮ್ಮ ಪ್ರಮಾದವನ್ನೇ ವರ್ಣಿಸಿ, ಮುಂದಿನ ಸಾಲಿನಲ್ಲಿ ಕೂರಿಸಿದ್ದ ಇಲಿಯಮ್ಮನನ್ನು ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ಹೊಡೆಸಿದರು.

ನಮ್ಮ ಮನೆಗೆ ಮಾತ್ರ ಅವರು ಸಭೆಗೂ ಮೊದಲೇ, ಇಲಿಯಮ್ಮ ಬಾಯಿಬಿಟ್ಟ ಆ ಸಂಜೆಯೇ, ಕೋಟನ್ನೂ ಕಳಚದೆ ಓಡಿಬಂದಿದ್ದರು. "ಅದೇ ವಂಶ, ಅದೇ ಕೂಳು, ಆದ್ರೂ ಹೊಟ್ಟೆ ತಣ್ಣಗಿದೆ ಕಣೇ! ಇಲಿ ಮಾತು ಮನುಷ್ಯರಿಗೆ ಹಾಗ್ಹಾಗೇ ಒಪ್ಪುತ್ತೆ ಅಂತ ಆಣೆ ಮಾಡಲಾರೆ. ಆದ್ರೆ ಹಣೆಬರಹ ಬರೆಯೋರು ಒಬ್ಬರೇ ಅಲ್ಲ." ನನಗೆ ಅಳುವೇ ಬಂತು. ಅವರು ಗಾಬರಿಯಾಗಿ ಕೈಗೊಂದು ತೌಡಿನ ಉಂಡೆ ಇಟ್ಟರು. ಬಾಯಿಗಿಡಲಾಗದ ರುಚಿ, ಆದರೂ ಜಗಿದು ನುಂಗಿದೆ.

ಈಗ ನನ್ನ ಮಗಳಿಗೆ ನಾಲ್ಕು ವರ್ಷ. ತುದಿಗಾಲಲ್ಲಿ ಬರುವ ಅಜ್ಜನನ್ನು ಅವಳೊಬ್ಬಳೇ ಪತ್ತೆಹಚ್ಚಿ, ಅವರು ಬಾಯಿ ತೆರೆಯುವ ಮೊದಲೇ "ಅಜ್ಜಾ, ಹೊಟ್ಟೆ ಹೇಗಿದೆ?" ಎನ್ನುತ್ತಾಳೆ. ತನ್ನ ಮಾತೇ ಗೆಲ್ಲಬೇಕೆಂದು ಹೆಣಗುವ ವಿದ್ವಾಂಸರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ತಾನು ಸೋತದ್ದನ್ನು ಸಿಹಿಸುದ್ದಿಯೆಂದು ಹೊತ್ತು ತಂದು ಬಾಗಿಲು ತಟ್ಟುವವರು ವಿರಳ. ಅಂಥವರೊಬ್ಬರು ಇದ್ದದ್ದರಿಂದಲೇ ನಮ್ಮ ಮನೆಯಲ್ಲಿ ತೊಟ್ಟಿಲು ತೂಗಿತು.