ಸಾವಿನ ಚೀಟಿ ಅಂಟಿಸಿದ ಬಾಗಿಲು

ಬಾಡಿಗೆ ಮನೆಯ ಜಾಹೀರಾತು ನೋಡುವುದನ್ನು ಬಿಟ್ಟು ನೆವೇನಾ ಬಾಗಿಲುಗಳನ್ನು ಓದತೊಡಗಿದ್ದಳು. ಅವಳಿದ್ದ ರೂಸೆ ಪಟ್ಟಣದಲ್ಲಿ ಯಾರಾದರೂ ತೀರಿಕೊಂಡರೆ ಅವರ ಫೋಟೊ ಇರುವ ಚೀಟಿಯನ್ನು ಕಟ್ಟಡದ ಬಾಗಿಲಿಗೆ ಅಂಟಿಸುತ್ತಾರೆ. ಚೀಟಿ ಹೊಸದಾಗಿದ್ದರೆ ಮೇಲೆಲ್ಲೋ ಒಂದು ಮನೆ ಖಾಲಿಯಾಗಿರಬಹುದು. ಹೀಗೆ ಯೋಚಿಸಿದ್ದಕ್ಕೆ ಮೊದಮೊದಲು ಅವಳಿಗೇ ಹೇಸಿಗೆಯಾಗಿತ್ತು. ಈಗ ಆಗುತ್ತಿರಲಿಲ್ಲ, ಅದೇ ಅವಳನ್ನು ಕಾಡುತ್ತಿತ್ತು.

ಈಗಿದ್ದ ಮನೆಗೆ ಮಾಲೀಕನ ಮಗಳು ಬರುವವಳಿದ್ದಳು. ತಿಂಗಳ ಕೊನೆಗೆ ಬಿಡಬೇಕು. ದಲ್ಲಾಳಿಗಳು ಫೋನಿನಲ್ಲಿ ಚೆನ್ನಾಗಿಯೇ ಮಾತಾಡುತ್ತಿದ್ದರು, ಮಕ್ಕಳೆಷ್ಟು ಎಂದು ಕೇಳುವವರೆಗೆ. ಮೂರು ಎಂದ ಕೂಡಲೇ ಆ ಮನೆ ನಿನ್ನೆಯೇ ಯಾರಿಗೋ ಹೋಗಿಬಿಟ್ಟಿರುತ್ತಿತ್ತು.

"ಒಬ್ಬರನ್ನ ಬೀರುವಿನಲ್ಲಿ ಬಚ್ಚಿಡೋಣ" ಎಂದಿದ್ದ ಗಂಡ ಪ್ಲಾಮೆನ್.

"ಯಾರನ್ನ?"

"ನನ್ನನ್ನೇ ಇಡು. ಗೊರಕೆ ಹೊಡೀದಂಗೆ ನೋಡ್ಕೋ ಅಷ್ಟೆ."

ಅವಳಿಗೆ ನಗು ಬಂದಿರಲಿಲ್ಲ.

ಇಂದು ನದಿಯ ಕಡೆಯ ಬೀದಿಯಲ್ಲಿ ಸಿಕ್ಕ ಚೀಟಿಯಲ್ಲಿ ಟೋಪಿ ಹಾಕಿದ ಮುದುಕನೊಬ್ಬನಿದ್ದ. ಕೆಳಗೆ 'ದುಃಖತಪ್ತ ಮಗ' ಎಂದಷ್ಟೇ ಇತ್ತು. ಹೆಂಡತಿಯ ಮಾತಿಲ್ಲ. ಹಾಗಾದರೆ ಒಳಗೆ ಯಾರೂ ಉಳಿದಿಲ್ಲ, ಮನೆ ತೆರವು ಮಾಡಲು ಬಂದ ಮಗನಿರಬಹುದು ಎಂದು ಲೆಕ್ಕ ಹಾಕಿದಳು. ಬರಿಗೈಯಲ್ಲಿ ಹೋಗಬಾರದೆಂದು ಮೂಲೆಯ ಅಂಗಡಿಯಲ್ಲಿ ಮೂರು ಸೇವಂತಿಗೆ ಕೊಂಡು, ಬಾಗಿಲ ಬಳಿಯ ಹೆಸರುಪಟ್ಟಿ ನೋಡಿ ಮೂರನೇ ಮಹಡಿ ಹತ್ತಿದಳು.

ಬಾಗಿಲು ತೆರೆದದ್ದು ತಲೆಗೆ ಕಪ್ಪು ಬಟ್ಟೆ ಕಟ್ಟಿದ ಮುದುಕಿ. ಒಂದು ಮಾತೂ ಕೇಳದೆ ಒಳಗೆ ಕರೆದು, ಸಕ್ಕರೆ ಬೆರೆಸಿದ ಬೆಂದ ಗೋಧಿಯನ್ನು ಬಟ್ಟಲಿಗೆ ಹಾಕಿ ಕೊಟ್ಟಳು. "ತಿನ್ನು ಮಗಳೇ, ಅವರ ಹೆಸರಲ್ಲಿ."

"ದೇವರು ಅವರನ್ನ ಕ್ಷಮಿಸಲಿ" ಎಂದಳು ನೆವೇನಾ, ಸಾವಿನ ಮನೆಯಲ್ಲಿ ಎಲ್ಲರೂ ಹೇಳುವ ಹಾಗೆ. ಒಂದು ಚಮಚ ಬಾಯಿಗಿಟ್ಟಳು. ಕಣ್ಣು ಮಾತ್ರ ಅವಳ ಮಾತು ಕೇಳದೆ ಕೋಣೆಗಳನ್ನು ಎಣಿಸಿತು. ಮೂರು. ಬಿಸಿಲು ಬರುವ ಬಾಲ್ಕನಿ.

ಮುದುಕಿ ಹೂವಿನ ಕಟ್ಟು ಬಿಚ್ಚಿ ನೋಡಿದಳು. "ಮೂರು ತಂದಿದ್ದೀಯ. ಸತ್ತವರಿಗೆ ಜೋಡಿ ಲೆಕ್ಕದಲ್ಲಿ ಎರಡೋ ನಾಲ್ಕೋ ತರ್ತಾರೆ, ಬೆಸ ಸಂಖ್ಯೆ ಬದುಕಿರೋರಿಗೆ. ನೀನು ಮನೆ ಕೇಳೋಕೆ ಬಂದವಳು."

ನೆವೇನಾ ಬಟ್ಟಲು ಕೆಳಗಿಟ್ಟಳು. "ತಪ್ಪಾಯ್ತು ಅಜ್ಜಿ. ಚೀಟಿಯಲ್ಲಿ ನಿಮ್ಮ ಹೆಸರಿರಲಿಲ್ಲ."

"ಮಗ ಅಚ್ಚು ಹಾಕಿಸಿದ್ದು. ವಾರ್ನಾದಲ್ಲಿದ್ದಾನೆ. ಈಗಲೇ ನನ್ನನ್ನ ಬಿಟ್ಟು ಲೆಕ್ಕ ಹಾಕ್ತಿದ್ದಾನೆ." ಮುದುಕಿ ಕೆಮ್ಮಿದಳು, ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು. "ನಿನಗಿಂತ ಮುಂಚೆ ಇಬ್ಬರು ಬಂದಿದ್ರು. ಹೂವೇನೋ ಸರಿಯಾಗೇ ತಂದಿದ್ರು. ಅಳ್ತಾ ಅಳ್ತಾ ಗೋಡೆ ತೇವ ಇದೆಯಾ ಅಂತ ಮುಟ್ಟಿ ನೋಡಿದ್ರು. ಮಕ್ಕಳೆಷ್ಟು?"

"ಮೂರು" ಎಂದು ನೆವೇನಾ ಎದ್ದು ನಿಂತಳು, ಮುಂದಿನ ಮಾತು ಗೊತ್ತಿದ್ದವಳಂತೆ.

"ಕೂತ್ಕೋ. ಅಡುಗೆಮನೆ ಪಕ್ಕದ ಕೋಣೆ ನನಗಿರಲಿ. ಉಳಿದೆರಡು ನಿಮಗೆ. ಸೌದೆಗೂ ಔಷಧಿಗೂ ಆಗೋವಷ್ಟು ಕೊಟ್ರೆ ಸಾಕು. ಮಕ್ಕಳು ಕೂಗಾಡ್ಲಿ, ನನಗೆ ಅರ್ಧ ಕಿವಿ ಕೇಳ್ಸಲ್ಲ."

"ನಿಮ್ಮ ಮಗ ಒಪ್ತಾರಾ?"

"ನಾನಿರೋವರೆಗೂ ಮನೆ ನಂದು. ನಾನು ಕಣ್ಣು ಮುಚ್ಚಿದ ಮಾರನೇ ದಿನ ಮಾರ್ತಾನೆ. ಸುಳ್ಳು ಯಾಕೆ ಹೇಳ್ಲಿ."

ನೆವೇನಾ ಒಪ್ಪಿದಳು. ಬೇರೆ ದಾರಿಯಿರಲಿಲ್ಲ. ಭಾನುವಾರ ಸಾಮಾನು ತರುವುದೆಂದಾಯಿತು. ಮೆಟ್ಟಿಲಿಳಿಯುತ್ತಾ ಹಾಸಿಗೆಗಳನ್ನು ಎಲ್ಲೆಲ್ಲಿ ಹಾಕುವುದೆಂದು ಯೋಚಿಸತೊಡಗಿದಳು. ದೊಡ್ಡವಳಿಗೆ ಕಿಟಕಿಯ ಹತ್ತಿರ ಆಗಬಹುದು.

ಮೇಲಿನಿಂದ ಮತ್ತೆ ಕೆಮ್ಮು ಕೇಳಿಸಿತು. ಒಣ ಕೆಮ್ಮಲ್ಲ, ಎದೆಯಾಳದಿಂದ ಬರುವ ಕೆಮ್ಮು. ಆಮೇಲೆ ಫಕ್ಕನೆ ನಿಂತಿತು.

ನೆವೇನಾ ಕಂಬಿ ಹಿಡಿದು ಅಲ್ಲೇ ನಿಂತಳು. ಕೆಳಗೆ, ಬಾಗಿಲ ಮೇಲಿನ ಚೀಟಿ ಗಾಳಿಗೆ ಪಟಪಟನೆ ಹೊಡೆದುಕೊಳ್ಳುತ್ತಿತ್ತು. ಕೆಮ್ಮು ಮತ್ತೆ ಶುರುವಾಗುವವರೆಗೂ ಅವಳು ಕದಲಲಿಲ್ಲ.