ಹಡಗಿಗೆ ಮುಟ್ಟದ ಸುದ್ದಿ

ಟಣ್, ಮರೀನಾದಲ್ಲಿ ಯಾವುದೋ ದೋಣಿಯ ಹಗ್ಗ ಕಂಬಕ್ಕೆ ಬಡಿಯಿತು, ಮತ್ತೆ ಟಣ್, ಶರ್ಮಿಳಾ ಕಿಟಕಿಯಿಂದ ಕಣ್ಣು ಕಿತ್ತು ಪತ್ರದ ಮೇಲಿಟ್ಟಳು — ಪರದೇಶದ ಬಂದರೂರು ಪೋರ್ಟ್ ಕ್ರೆಡಿಟ್ಟಿನ ಈ ಪುಟ್ಟ ಮ್ಯೂಸಿಯಮ್ಮಿನಲ್ಲಿ ಅವಳಿಗೆ ಇದೇ ಕೆಲಸ, ನೂರೈವತ್ತು ವರ್ಷ ಹಿಂದೆ ಕ್ಯಾಪ್ಟನ್ ಪೆನ್‌ಹೇಲ್ ಹಡಗಿನಿಂದ ತನ್ನ ಹೆಂಡತಿ ಮಾರ್ಥಾಳಿಗೆ ಬರೆದ ಪತ್ರಗಳನ್ನು ಕಂಪ್ಯೂಟರಿಗೆ ಇಳಿಸುವುದು, ಮಗುವಿಗೆ ಹಲ್ಲು ಬಂತೇ, ನನ್ನ ಗಡ್ಡ ನೋಡಿ ಹೆದರದಂತೆ ಈಗಿನಿಂದಲೇ ಅವನಿಗೆ ಹೇಳಿಡು — ಹಲ್ಲೆಲ್ಲಿಂದ ಬರಬೇಕು, ಮಗು ಆಗಲೇ ಮಣ್ಣಿನಲ್ಲಿ, ಮಾರ್ಥಾ ಬರೆದ ಸುದ್ದಿ ಬಂದರಿಂದ ಬಂದರಿಗೆ ಅವನ ಹಡಗನ್ನು ಅಟ್ಟಿಸಿಕೊಂಡು ಹೋಗುತ್ತಲೇ ಇದೆ, ಇವನು ಕೇಳುತ್ತಲೇ ಇದ್ದಾನೆ, ಮತ್ತು ಶರ್ಮಿಳಾಳ ಫೋನಿನಲ್ಲಿ ಅವಳ ಗಂಡ ವಿಶಾಲ್, ಅವನೂ ಹಡಗಿನ ಕ್ಯಾಪ್ಟನ್ನೇ, ನಿನ್ನೆ ಅಟ್ಲಾಂಟಿಕ್ಕಿನ ನಡುವಿನಿಂದ, ಜೋರು ಒದಿತಾನಾ ಮಾರಾಯ್ತಿ, ನಿದ್ದೆ ಮಾಡ್ಲಿಕ್ಕೆ ಬಿಡ್ತಾನಾ, ಅವಳು ಬರೆದಳು, ಹ್ಞಾಂ, ಒದಿತಾನೆ. ಒದೆಯುವವನು ಹೋದ ವಾರವೇ ಹೋಗಿದ್ದ, ಏಳು ತಿಂಗಳು ತುಂಬಿರಲಿಲ್ಲ, ಹೊಟ್ಟೆಯೊಳಗೇ ಸುಮ್ಮನಾಗಿದ್ದ, ಆಸ್ಪತ್ರೆಯಲ್ಲಿ ಅಷ್ಟು ಹೊತ್ತು ನೋವು ತಿಂದು ಹೆತ್ತರೂ ಕೋಣೆಯಲ್ಲಿ ಅಳು ಕೇಳಿಸಲಿಲ್ಲ, ಪಕ್ಕದ ಫ್ಲ್ಯಾಟಿನ ವಸಂತಾ ಆಂಟಿ ಮನೆಗೆ ಕರೆದುಕೊಂಡು ಬಂದರು, ಬಾಗಿಲಲ್ಲಿ ಅಂದರು, ಅವ್ರಿಗೊಂದು ಮೆಸೇಜ್ ಹಾಕ್ಬಿಡಮ್ಮ, ಒಬ್ಳೇ ಎಷ್ಟು ದಿನ ಹೊರ್ತೀಯ — ಹೊರುವುದು, ಆ ಮಾತು ಬಾಯಿಂದ ಬಿದ್ದದ್ದೇ ಆಂಟಿಯೇ ಅತ್ತುಬಿಟ್ಟರು, ಇವಳೇ ಅವರ ಬೆನ್ನು ಸವರಬೇಕಾಯಿತು, ಆಮೇಲೆ ಖಾಲಿ ಮನೆ, ಫ್ರಿಜ್ಜಿನ ಗುಂಯ್, ಅಲ್ಲಿ ಕೂರಲಾಗದೆ ಇವತ್ತು ಇಲ್ಲಿಗೆ ಬಂದಳು, ಹೇಗೆ ಹಾಕುವುದು ಮೆಸೇಜು, ಹಾಕಿದ ಕ್ಷಣ ಅಲ್ಲಿಯೂ ಹೋಗಿಬಿಡುತ್ತಾನೆ, ಇಲ್ಲಿ ಇಲ್ಲದವನು ಆ ಹಡಗಿನಲ್ಲಿ ಇನ್ನೂ ಇದ್ದಾನೆ, ದಿನದಿನವೂ ಬೆಳೆಯುತ್ತಿದ್ದಾನೆ, ಇನ್ನೊಂದು ದಿನ ಇರಲಿ, ಇನ್ನೊಂದೇ ದಿನ — ಆದರೆ ಮಾರ್ಥಾ ಬರೆದಳಲ್ಲ, ಮಗುವನ್ನು ಮಣ್ಣು ಮಾಡಿದ ಸಂಜೆಯೇ ಬರೆದಳು, ತಡಮಾಡಿದ್ದು ಸಮುದ್ರ, ಇವಳಿಗೆ ಯಾವ ಸಮುದ್ರ ಅಡ್ಡ, ಫೋನು ಮೇಜಿನ ಮೇಲೆ ಗುರುಗುಟ್ಟುತ್ತಿದೆ, ವೀಡಿಯೋ ಕಾಲ್, ವಿಶಾಲನ ಮುಖ ಪರದೆ ತುಂಬ, ಏ, ಇವತ್ತು ಸಿಗ್ನಲ್ ಚಂದ ಉಂಟು, ಎಂತ ಮಾಡ್ತಿದ್ದಿ — ವಿಶಾಲ್, ಅವ ಇಲ್ಲ — ಎಂತ, ಕೇಳ್ಲಿಲ್ಲ, ಎಂಜಿನ್ ಶಬ್ದ — ದೇವರೇ, ಎರಡನೇ ಸಲವೂ ಹೇಳಬೇಕು — ಮಗು ಇಲ್ಲ ವಿಶಾಲ್, ಹೋದ ವಾರವೇ, ನಂಗೆ ಹೇಳ್ಲಿಕ್ಕೆ ಆಗ್ಲಿಲ್ಲ — ಎಂಜಿನ್ನಿನ ಶಬ್ದ, ಬರೀ ಶಬ್ದ, ಬಯ್ಯುತ್ತಾನೆ ಅಂದುಕೊಂಡಳು, ಬಯ್ಯಲಿ ಅಂದುಕೊಂಡಳು, ಅವನು ಕೇಳಿದ್ದು ಇಷ್ಟೇ, ನೀನು ಒಬ್ಬಳೇ ಇದ್ದದ್ದಾ, ಇಷ್ಟು ದಿನ, ಒಬ್ಬಳೇ — ಅವಳು ಹ್ಞೂಂ ಅಂದಳು, ಅವನು ತಲೆ ತಗ್ಗಿಸಿದ, ಇಷ್ಟು ಹೊತ್ತು ಆ ತಲೆ ಮರೆಮಾಡಿದ್ದ ಕ್ಯಾಬಿನ್ನಿನ ಬಿಳಿ ಬೋರ್ಡು ಕಾಣಿಸಿತು, ಇಂಗ್ಲಿಷಿನಲ್ಲಿ ಗಾಳಿ, ಅಲೆ, ಮುಂದಿನ ಬಂದರು, ಕೆಳಗೆ ಮೂಲೆಯಲ್ಲಿ, ಹೆಸರು ಈಗಲೇ ಬೇಡ ಹುಟ್ಟಿದ ಮೇಲೆ ನೋಡುವ ಅಂದಿದ್ದವನ ಕೈಬರಹದಲ್ಲಿ, ನೀಲಿ ಮಾರ್ಕರಿನಲ್ಲಿ, ಕನ್ನಡದಲ್ಲಿ, ಧ್ರುವ — ಅವನ ಭುಜ ಅಲುಗಿದಾಗ ಮುಚ್ಚಿತು, ಮತ್ತೆ ಕಾಣಿಸಿತು, ಧ್ರುವ, ಮುಚ್ಚಿತು, ಧ್ರುವ